ಹಾಡು ಮುಗಿದ ಮೇಲಿನ ದನಿ

"ಕೈ ತೆಗೀರಿ ಅಕ್ಕಾ, ಈ ಯಂತ್ರ ಎತ್ಕೊಂಡ್ ಹೋಗ್ಬೇಕು."

"ಮುಟ್ಟಿ ನೋಡು. ಯಂತ್ರದ ಜೊತೆ ನಿನ್ನ ಕೈನೂ ಬೇರೆಯಾಗಿ ಎತ್ಕೊಂಡ್ ಹೋಗ್ಬೇಕಾಗುತ್ತೆ."

ಅಕ್ಕ ಇದನ್ನ ನಗ್ತಾ ನಗ್ತಾನೇ ಅಂದ್ಲು. ಅವಳು ನಕ್ಕಾಗ್ಲೇ ಜನ ಹೆದರೋದು. ಬೈದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಬೈಯೋದು ಅವಳಿಗೆ ಉಸಿರಾಡಿದ ಹಾಗೆ.

ಮೇಜಿನ ಮೇಲೆ ಬಗ್ಗಿ ನಿಂತಿದ್ದೋನು ಸ್ಟುಡಿಯೋದ ಎಂಜಿನಿಯರು. ಮೌಸ್ ಕೈಯಿಂದ ಜಾರಿದ್ರೆ ಜೀವಾನೇ ಜಾರಿದ ಹಾಗೆ ಆಡ್ತಾನೆ ಅಂತ ಅವನಿಗೆ ಇಲಿರಾಯ ಅನ್ನೋ ಹೆಸರು ಬಿದ್ದಿತ್ತು. ಆ ಹೆಸರು ಇಟ್ಟೋನು ಅಕ್ಕನ ತಮ್ಮ. ಅಕ್ಕನ ಹಾಗೇ ಹುಟ್ಟಿನಿಂದ ಕಣ್ಣು ಕಾಣದೋನು, ಇದೇ ಕೋಣೇಲಿ, ಇದೇ ಕಂಪ್ಯೂಟರಲ್ಲಿ ಹಾಡು ಜೋಡಿಸ್ತಿದ್ದೋನು. ಹಿಂದಿನ ಮೆಟ್ಟಿಲಿಂದ ಬಿದ್ದು ಸತ್ತ. "ಪಾಪ, ಕಣ್ಣು ಕಾಣದೋರು, ಕಾಲು ಜಾರಿದೆ" ಅಂತ ಪೊಲೀಸ್ನೋರು ಫೈಲು ಮುಚ್ಚಿ ಕೈ ತೊಳ್ಕೊಂಡ್ರು.

ಅಕ್ಕ ತೊಳ್ಕೊಳ್ಳಲಿಲ್ಲ. ಹೆಣ ಎತ್ತಿದ ದಿನಾನೇ ತಮ್ಮನ ಕೋಣೆಗೆ ಬೀಗ ಜಡಿದು ಕೀಲಿ ಸೊಂಟಕ್ಕೆ ಸಿಕ್ಕಿಸ್ಕೊಂಡ್ಲು. ಆಮೇಲೆ ಒಂದು ಬೆಳಿಗ್ಗೆ ಬಂದು ಅವನ ಕುರ್ಚೀಲೇ ಕೂತು, "ಇನ್ಮೇಲೆ ಹಾಡು ನಾನು ಜೋಡಿಸ್ತೀನಿ" ಅಂದ್ಲು. ಸಂಬಳಕ್ಕೆ ಬಂದಿದ್ದಾಳೆ ಅಂದ್ಕೊಂಡ್ರು ಎಲ್ರೂ. ಅವಳು ಬಂದಿದ್ದು ಒಂದು ಕುತ್ತಿಗೆಗೆ. ಯಾರ ಕುತ್ತಿಗೆ ಅನ್ನೋದೊಂದೇ ಇನ್ನೂ ಗೊತ್ತಾಗಿರ್ಲಿಲ್ಲ.

"ಏನ್ರಪ್ಪಾ ಇದು ಬೆಳಗ್ಗೆ ಬೆಳಗ್ಗೆ?" ಅಂತ ಬಾಗಿಲಲ್ಲಿ ಯಜಮಾನರ ದನಿ ಬಂತು.

ಸ್ಟುಡಿಯೋನ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡೋ ಮನುಷ್ಯ. ಹಿಂದಿಂದ ಎಲ್ರೂ ಕರೆಯೋದು ಗಂಟೆಯಪ್ಪ ಅಂತ. ಹೆಂಡತಿ ಜೊತೆ ಜಗಳ ಆಡುವಾಗ್ಲೂ ಒಂದು ಕಣ್ಣು ಗಡಿಯಾರದ ಮೇಲಿರುತ್ತಂತೆ, ಹೊತ್ತು ಮುಗೀತು ಅಂದ್ರೆ ಅರ್ಧ ಬೈಗುಳದಲ್ಲೇ ಎದ್ದು ಹೋಗ್ತಾರಂತೆ.

"ಈ ಅಮ್ಮ ಬಿಡ್ತಿಲ್ಲ ಸಾರ್," ಅಂದ ಇಲಿರಾಯ. "ಹೊಸ ಸಾಫ್ಟ್‌ವೇರ್ ಬಂದಿದೆ, ಹೊಸ ಕಂಪ್ಯೂಟರ್ ಬಂದಿದೆ. ಈ ಹಳೇದರಲ್ಲಿರೋದೆಲ್ಲ ಒರೆಸಿ ಇವತ್ತೇ ಕಳಿಸ್ಬೇಕು ಅಂತ ತಾನೇ ಮಾತು?"

"ಹೌದಮ್ಮ. ಕಾಲ ಓಡ್ತಾ ಇದೆ. ನಾವೂ ಓಡ್ಬೇಕು."

"ಓಡೋಣ ಯಜಮಾನ್ರೇ. ಆದ್ರೆ ಎಲ್ಲಿಗೆ ಅಂತ ನೋಡ್ಕೊಂಡು ಓಡೋಣ. ನಾನಂತೂ ನೋಡಕ್ಕಾಗಲ್ಲ, ನೀವಾದ್ರೂ ನೋಡಿ."

ಗಂಟೆಯಪ್ಪನಿಗೆ ನಗಬೇಕೋ ಬಿಡಬೇಕೋ ಗೊತ್ತಾಗ್ಲಿಲ್ಲ. ಅಕ್ಕ ಹಾಗೇ ಮಾಡ್ತಿದ್ಲು, ತನ್ನ ಕುರುಡುತನದ ಮೇಲೆ ತಾನೇ ಜೋಕು ಮಾಡಿ ಎದುರಿನೋರನ್ನ ನಡುನೀರಲ್ಲಿ ಬಿಡೋದು.

"ಆ ಹೊಸದು ನನಗೆ ಆಗಲ್ಲ," ಅಂದ್ಲು. "ನಿನ್ನೆ ಕೂತು ನೋಡ್ದೆ. ಬಾಯಿ ಬಿಡಲ್ಲ ಅದು."

ಬಾಯಿ ಬಿಡೋದು ಅಂದ್ರೆ ಏನು ಅಂತ ಆ ಕೋಣೇಲಿ ಎಲ್ರಿಗೂ ಗೊತ್ತಿತ್ತು. ಅಕ್ಕನ ಕಂಪ್ಯೂಟರಲ್ಲಿ ಒಂದು ಹೆಣ್ಣು ದನಿ ಇದೆ. ಪರದೆ ಮೇಲೆ ಏನಿದ್ರೂ ಓದಿ ಹೇಳುತ್ತೆ, ಯಾವ ಕೀ ಒತ್ತಿದ್ರೂ ಏನಾಯ್ತು ಅಂತ ಒದರುತ್ತೆ. ಒಂದು ಗಳಿಗೆ ಸುಮ್ಮನಿರಲ್ಲ ಅಂತ ತಮ್ಮ ಅದಕ್ಕೆ 'ಚಿಕ್ಕಮ್ಮ' ಅಂತ ಕರೀತಿದ್ದ. ಹಳೇ ಸಾಫ್ಟ್‌ವೇರಲ್ಲಿ ಚಿಕ್ಕಮ್ಮ ಊರಿಗೆಲ್ಲ ಸಾಕಾಗುವಷ್ಟು ಮಾತಾಡ್ತಾಳೆ. ಹೊಸದರಲ್ಲಿ ಎಲ್ಲಿ ಹೋದ್ರೂ ಒಂದೇ ಮಾತು: ಬಟನ್, ಬಟನ್, ಬಟನ್. ಯಾವ ಬಟನ್ನು, ಯಾತಕ್ಕೆ ಬಟನ್ನು, ಒಂದೂ ಇಲ್ಲ.

"ಹೊಸದರಲ್ಲಿ ಕೂತಿದ್ದು ಹಾಡು ಜೋಡಿಸೋಕೋ ಅಂಗಿಗೆ ಗುಂಡಿ ಹಾಕೋಕೋ ಅನ್ನೋದೇ ಮರ್ತೋಯ್ತು ನನಗೆ," ಅಂದ್ಲು ಅಕ್ಕ.

"ಅದು ನಿಮ್ಮ ಕಷ್ಟ ಅಕ್ಕಾ. ಕೆಲಸ ಬೇಗ ಆಗೋದು ಹೊಸದರಲ್ಲೇ," ಅಂದ ಇಲಿರಾಯ.

ಇದಕ್ಕೇ ಕಾಯ್ತಿದ್ಲು ಅವಳು.

"ಹಾಗಾ? ಪಂದ್ಯ ಇಡೋಣ. ಒಂದೇ ಹಾಡು. ನೀನು ಹೊಸದರಲ್ಲಿ ಜೋಡ್ಸು, ನಾನು ಹಳೇದರಲ್ಲಿ. ಯಾರದ್ದು ಬೇಗ ಆಗುತ್ತೋ ಆ ದಾರೀಲೇ ಸ್ಟುಡಿಯೋ ನಡೀಲಿ. ಸೋತ್ರೆ ನಾನೇ ಇದನ್ನ ಹೊತ್ಕೊಂಡ್ ಹೋಗಿ ಗುಜರಿಗೆ ಹಾಕ್ತೀನಿ."

"ಬೇಗ" ಅಂದ ತಕ್ಷಣ ಗಂಟೆಯಪ್ಪನ ಕಿವಿ ನೆಟ್ಟಗಾಯ್ತು. "ಆಗ್ಲಿ. ಯಾವ ಹಾಡು?"

"ನನ್ನ ತಮ್ಮನ ಕೊನೇ ಹಾಡು."

ಕೋಣೆ ತಣ್ಣಗಾಯ್ತು. ಎಷ್ಟು ತಣ್ಣಗೆ ಅಂದ್ರೆ, ಗೋಡೆಗೆ ಅಂಟಿಸಿರೋ ಸ್ಪಂಜಿಗೂ ಶೀತ ಆಗ್ಬೇಕು.

"ಅದ್ಯಾಕಮ್ಮ, ಸತ್ತೋರ ಹಾಡು," ಅಂದ್ರು ಗಂಟೆಯಪ್ಪ.

"ಬೇರೆ ತೊಗೊಳ್ಳೋಣ ಅಕ್ಕಾ," ಅಂದ ಇಲಿರಾಯ. "ಮನಸ್ಸಿಗೆ ನೋವಾಗುತ್ತೆ."

ಇಬ್ರೂ ಬೇಡ ಅಂದ್ರು. ಇಬ್ರ ದನೀಲೂ ಬೆಣ್ಣೆ. ಅಕ್ಕ ಎರಡೂ ಬೆಣ್ಣೇನ ಮನಸ್ಸಲ್ಲೇ ಮೂಸಿ ನೋಡಿದ್ಲು. ಯಾವುದು ಹಳಸಿದ್ದು ಅಂತ ಹೇಳಕ್ಕಾಗ್ಲಿಲ್ಲ.

"ನೋವಾಗೋದು ನನಗೆ ತಾನೇ? ನಾನು ತಡ್ಕೊಳ್ತೀನಿ. ನಿಮಗ್ಯಾಕೆ ಸಂಕಟ?"

ನಿಜ ಹೇಳ್ಬೇಕಂದ್ರೆ ಅವಳೂ ಆ ಹಾಡು ಇಷ್ಟು ದಿನ ಮುಟ್ಟಿರ್ಲಿಲ್ಲ. ಬೇರೆ ಹಾಡೆಲ್ಲ ತೆಗೆದಳು, ಮುಗಿಸಿದಳು, ಕೊಟ್ಟಳು. ಅದೊಂದರ ಹತ್ರ ಬಂದ್ರೆ ಬೆರಳು ಮರಗಟ್ಟೋದು. ಹಾಡೋರು ಬರೋಕ್ಕೆ ಮುಂಚೆ ತಮ್ಮ ತಾನೇ ಗುನುಗಿ ದಾರಿ ತೋರ್ಸಿಡ್ತಿದ್ದ. ಅವನ ದನಿ ಅದರಲ್ಲಿರುತ್ತೆ. ಕೇಳಿದ್ರೆ ತಾನು ಅತ್ತುಬಿಡ್ತೀನಿ, ಅತ್ರೆ ಸಿಟ್ಟು ಕರಗುತ್ತೆ ಅಂತ ಭಯ. ಸಿಟ್ಟು ಕರಗಿದ್ರೆ ಅವಳ ಹತ್ರ ಇನ್ನೇನಿದೆ?

ಇವತ್ತು ಯಂತ್ರಾನೇ ಒರೆಸ್ತೀವಿ ಅಂತ ಬಂದಿದ್ದಾರೆ. ಇನ್ನು ಹಿಂದೆ ಮುಂದೆ ನೋಡೋ ಹಾಗಿಲ್ಲ.

ಹಾಡಿದ್ದು ಬಾರಿಸಿದ್ದು ತುಣುಕುಗಳನ್ನೆಲ್ಲ ಪೆನ್ ಡ್ರೈವಲ್ಲಿ ಇಲಿರಾಯನಿಗೆ ಕೊಟ್ಟಳು. ಗಂಟೆಯಪ್ಪ ಕುರ್ಚಿ ಎಳ್ಕೊಂಡು ಮಧ್ಯೆ ಕೂತು ಕೆಲಸ ಹೇಳಿದ್ರು. "ಚರಣ ಮುಂಚೆ ಬರ್ಲಿ. ಕೊನೆಗೆ ಪಲ್ಲವಿ ಎರಡು ಸಲ. ನಡುವೆ ಆ ಕೊಳಲು ಬೇಡ, ಅಲ್ಲಿ ಪಿಟೀಲು ಕೂರ್ಸಿ. ಹೂಂ, ಶುರು!"

ಇಲಿರಾಯ ಶುರು ಹಚ್ಕೊಂಡ. ಅವನ ಮೌಸಿನ ಟಕಟಕ ಕೇಳ್ಬೇಕಿತ್ತು, ಆಲಿಕಲ್ಲು ಮಳೆ! ಡ್ರಮ್ಮಿಗೆ ಕೆಂಪು ಬಳಿದ, ಗಿಟಾರಿಗೆ ಹಸಿರು ಬಳಿದ. ದೊಡ್ಡದು ಮಾಡಿ ನೋಡಿದ, ಚಿಕ್ಕದು ಮಾಡಿ ನೋಡಿದ. "ಎಷ್ಟು ಚೆಂದ ಕಾಣ್ತಿದೆ ನೋಡಿ ಸಾರ್" ಅಂತ ಬೇರೆ. ಹಾಡನ್ನ ಕಣ್ಣಲ್ಲಿ ಕೇಳ್ತಾರೇನೋ ಇವರು.

ಅಕ್ಕ ಹೆಡ್‌ಫೋನ್ ಏರಿಸಿದಳು. ತಮ್ಮ ಕಟ್ಟಿಟ್ಟ ದಾರಿ ಎದುರಿಗೇ ಬಿದ್ದಿತ್ತು.

ಪ್ರತಿ ಟ್ರ್ಯಾಕಿನ ಹೆಸರಲ್ಲೂ ಮೊದಲು ವಾದ್ಯ. ಕೊಳಲು ಅಂದ್ರೆ ಮೊದಲ ಮಾತೇ ಕೊಳಲು. ಇಲಿರಾಯನಂತೋರು 'ಹೊಸ ಹಾಡು ಕೊನೇ ಕೊನೇ ಸರಿಪಡಿಸಿದ್ದು ಕೊಳಲು' ಅಂತ ಬರೀತಾರೆ. ಚಿಕ್ಕಮ್ಮ ಅದನ್ನ ತಲೆಯಿಂದ ಬಾಲದ ತನಕ ಓದಿ ಮುಗಿಸೋಷ್ಟರಲ್ಲಿ ಕೊಳಲು ಊದಿದೋನಿಗೆ ಮೊಮ್ಮಕ್ಕಳಾಗಿರ್ತಾರೆ.

ಪಲ್ಲವಿ ಶುರುವಾಗೋ ಕಡೆ ಒಂದು ಗುರುತು, ಚರಣಕ್ಕೊಂದು ಗುರುತು. ಒಂದು ಕೀ ಒತ್ತಿದ್ರೆ ಮುಂದಿನ ಗುರುತಿಗೆ ಹಾರುತ್ತೆ. ಇನ್ನೊಂದು ಒತ್ತಿದ್ರೆ ಗುರುತಿಂದ ಗುರುತಿಗೆ ಇಡೀ ತುಂಡು ಕೈಗೆ ಬರುತ್ತೆ. ಕತ್ತರಿಸು, ಹಾರು, ಅಂಟಿಸು. ನೋಡೋ ಗೋಜೇ ಇಲ್ಲ. ಅಕ್ಕ ತಮ್ಮ ಇಬ್ರೂ ಕೂತು, ಜಗಳ ಆಡ್ತಾ, ಒಬ್ರ ಕೈ ಮೇಲೆ ಒಬ್ರು ಹೊಡೀತಾ ಹುಡುಕಿದ ದಾರಿ ಅದು.

"ಚರಣ," ಅಂದ್ಲು ಚಿಕ್ಕಮ್ಮ ಕಿವೀಲಿ. "ಕತ್ತರಿಸಿದೆ. ಅಂಟಿಸಿದೆ. ಕೊಳಲು, ಮೌನ. ಪಿಟೀಲು, ಅಂಟಿಸಿದೆ."

ಇಲಿರಾಯ ಇನ್ನೂ ಪಿಟೀಲಿಗೆ ನೇರಳೆ ಬಳಿಯೋದೋ ಹಳದಿ ಬಳಿಯೋದೋ ಅಂತಿದ್ದ. ಇವಳದ್ದು ಮುಗೀತು.

ಇನ್ನೊಂದು ಕೆಲಸ ಬಾಕಿ ಇತ್ತು. ತಮ್ಮ ಕಿವಿ ಹಿಂಡಿ ಕಲಿಸಿದ್ದು. ಹಾಡು ಮುಗಿದ ಮೇಲೆ 'ಕೊನೆಗೆ ಹೋಗು' ಕೀ ಒತ್ಲೇಬೇಕು. ಕಣ್ಣಿರೋರಿಗೆ ಪರದೆ ಮುಗಿದ ಕಡೆ ಹಾಡೂ ಮುಗೀತು. ಪರದೆ ಆಚೆ ಬಲಗಡೆ ದೂರದಲ್ಲಿ ಯಾವುದೋ ಚೂರು ಬಿದ್ದಿದ್ರೆ ಅವರಿಗೆ ಅದು ಇಲ್ಲವೇ ಇಲ್ಲ. ಕಣ್ಣಿಲ್ಲದೋರಿಗೆ ಪರದೆ ಎಲ್ಲಿಂದ ಬರ್ಬೇಕು? ಆ ಕೀ ಒತ್ತಿದ್ರೆ ಕಟ್ಟಕಡೇ ಚೂರಿನ ನೆತ್ತಿ ಮೇಲೇ ಹೋಗಿ ಕೂರ್ತಾರೆ.

ಅಕ್ಕ ಒತ್ತಿದ್ಲು.

ಹಾಡಿನ ಕೊನೆ ಬರ್ಬೇಕಿತ್ತು. ಬರ್ಲಿಲ್ಲ. ಅದನ್ನ ದಾಟಿ, ಇನ್ನೊಂದು ಹಾಡು ಹಿಡಿಸೋಷ್ಟು ಖಾಲಿ ಬಯಲು ದಾಟಿ, ಎಲ್ಲೋ ಕಾಡಿನ ಆಚೆಗೆ ಹೋಗಿ ನಿಂತಿತು.

"ಹೆಸರಿಲ್ಲದ ಟ್ರ್ಯಾಕ್," ಅಂದ್ಲು ಚಿಕ್ಕಮ್ಮ. "ಒಂದು ತುಣುಕು." ಆಮೇಲೆ ಜಾಗ ಹೇಳಿದಳು. ಹೇಳಿದಳು ಅಂದ್ರೆ ಏನು, ಬಿಂದು ಆದ ಮೇಲೆ ಅಂಕಿ ಮೇಲೆ ಅಂಕಿ, ನಿಲ್ಲಿಸೋ ಹಾಗೇ ಇಲ್ಲ.

ಅಕ್ಕನ ಬೆನ್ನು ನೆಟ್ಟಗಾಯ್ತು.

ತಮ್ಮ ಯಾವತ್ತೂ ಟ್ರ್ಯಾಕಿಗೆ ಹೆಸರಿಡದೆ ಬಿಟ್ಟೋನಲ್ಲ. ಹೆಸರಿಲ್ಲ ಅಂದ್ರೆ ಅವನಿಗೆ ಅದು ಸಿಗೋದೇ ಇಲ್ಲ. ಆಮೇಲೆ ಆ ಬಾಲದುದ್ದದ ಅಂಕಿ. ಕೀಲಿಮಣೇಲಿ ತುಣುಕು ತಳ್ಳಿದ್ರೆ ಅದು ತಾಳದಿಂದ ತಾಳಕ್ಕೆ ಕುಪ್ಪಳಿಸುತ್ತೆ, ಸರಿಯಾಗಿ ತಾಳದ ಮೇಲೇ ಕೂರುತ್ತೆ. ಇದು ಹಾಗೆ ಕೂತಿಲ್ಲ. ತಾಳದಿಂದ ಒಂದು ಕೂದಲೆಳೆ ಆಚೆ ಬಿದ್ದಿದೆ. ಹಿಡಿದು ಎಳೆದು ಕೈ ಬಿಟ್ಟಿದ್ದಾರೆ. ಮೌಸಲ್ಲಿ.

ತಮ್ಮನ ಮೇಜಲ್ಲಿ ಮೌಸೇ ಇರ್ಲಿಲ್ಲ. ಯಾರೋ ತಂದು ಸಿಕ್ಕಿಸಿದ್ದಾರೆ.

ಕೇಳಿದ್ಲು.

ತಮ್ಮ ಗುನುಗ್ತಾ ಇದ್ದ. ಚರಣದ ರಾಗ. ನಿಧಾನಕ್ಕೆ, ಮಗು ಮಲಗಿಸೋ ಹಾಗೆ. ಅರ್ಧಕ್ಕೆ ಕೆಮ್ಮು ಬಂತು. ಕೆಮ್ಮಿದ, ಗಂಟಲು ಸರಿ ಮಾಡ್ಕೊಂಡ, ಮತ್ತೆ ಎತ್ಕೊಂಡ.

ಆ ಕೆಮ್ಮು!

ಅದರ ಬಗ್ಗೆ ಆಗ್ಲೇ ಮೂರು ಬಾಯಲ್ಲಿ ಕೇಳಿದ್ದಳು ಅಕ್ಕ. ತಮ್ಮ ಸತ್ತ ಸಂಜೆ ಗಂಟೆಯಪ್ಪ, ಇಲಿರಾಯ, ತಮ್ಮನ ಹೆಂಡತಿ, ಮೂವರೂ ಮುಂದಿನ ಕೋಣೇಲಿ ಟೀ ಕುಡೀತಿದ್ರು. ಒಳಗಿಂದ ತಮ್ಮ ಗುನುಗೋದು ಮೂವರಿಗೂ ಕೇಳಿಸ್ತು. ಅರ್ಧಕ್ಕೆ ಕೆಮ್ಮಿದ್ದೂ ಕೇಳಿಸ್ತು. ಆಮೇಲೆ ಅವನು ಹೊರಗೆ ಬರದೇ ಇದ್ದಾಗ ಹೋಗಿ ನೋಡಿದ್ರೆ, ಹಿಂದಿನ ಮೆಟ್ಟಿಲ ಕೆಳಗೆ ಬಿದ್ದಿದ್ದ. ಮೂವರೂ ಒಟ್ಟಿಗೇ ಇದ್ರು, ಹಾಗಾಗಿ ಯಾರೂ ತಳ್ಳಿಲ್ಲ. ಪೊಲೀಸ್ನೋರು ಫೈಲು ಮುಚ್ಚಿದ್ದು ಆ ಕೆಮ್ಮಿನ ಮೇಲೆ. "ಕೆಮ್ಮಿದ್ರು ಅತ್ತಿಗೆ, ನೀರು ಕೊಡೋಣ ಅಂತ ಎದ್ದೆ" ಅಂತ ತಮ್ಮನ ಹೆಂಡತಿ ಅಕ್ಕನ ಭುಜ ಒದ್ದೆ ಮಾಡಿದ್ದಳು.

ಅಂದ್ರೆ, ಅವರು ಕೆಮ್ಮು ಕೇಳೋ ಹೊತ್ತಿಗೆ ತಮ್ಮ ಮೆಟ್ಟಿಲ ಕೆಳಗೆ ಹೆಣವಾಗಿದ್ದ.

ತಳ್ಳಿದೋರು ಒಳಗೆ ಬಂದಿದ್ದಾರೆ. ಅವನ ದನಿ ಎಳ್ಕೊಂಡು ದೂರಕ್ಕೆ ಹಾಕಿದ್ದಾರೆ. ಹಾಡು ಮುಗಿದ ಕಡೆಯಿಂದ ಚಾಲೂ ಮಾಡಿ, ಸ್ಪೀಕರ್ ಜೋರು ಮಾಡಿ, ಹೋಗಿ ಟೀಗೆ ಕೂತಿದ್ದಾರೆ. ಮೌನ ಓಡಿದೆ, ಓಡಿದೆ. ಲೋಟ ಅರ್ಧ ಖಾಲಿಯಾಗೋಷ್ಟರಲ್ಲಿ ಸತ್ತೋನು ಗುನುಗಿದ್ದಾನೆ. ಆಮೇಲೆ ಅಳಿಸೋಣ ಅಂದ್ರೆ ಜನ ಸೇರಿದ್ರು, ಪೊಲೀಸ್ನೋರು ಬಂದ್ರು, ಅವರ ಬೆನ್ನಿಗೇ ಅಕ್ಕನ ಬೀಗ ಬಂತು. ಅದಕ್ಕೇ ಈಗ ಯಂತ್ರ ಒರೆಸೋ ಅವಸರ.

ಅಳು ಬರುತ್ತೆ ಅಂತ ಹೆದರಿದ್ಲಲ್ಲ, ಬರ್ಲಿಲ್ಲ. ಎಷ್ಟೋ ದಿನದ ಮೇಲೆ ಮೊದಲ ಸಲ ಅವಳಿಗೆ ಹಸಿವಾಯ್ತು.

"ಮುಗೀತಾ?" ಅಂದ್ರು ಗಂಟೆಯಪ್ಪ.

"ಆಗ್ಲೇ ಮುಗೀತು. ನಮ್ಮ ಇಲಿರಾಯರು ಬಣ್ಣ ಬಳೀತಾ ಇರ್ಲಿ, ನೀವು ಕೇಳಿ."

ಅಕ್ಕ ಹೆಡ್‌ಫೋನಿನ ಪಿನ್ನು ಕಿತ್ತಳು. ಇನ್ನು ಈ ಯಂತ್ರದಿಂದ ಬರೋದೆಲ್ಲ ಸ್ಪೀಕರಲ್ಲಿ, ಇಡೀ ಕೋಣೆಗೆ.

ತಮ್ಮ ಗುನುಗಿದ. ಕೆಮ್ಮಿದ. ಮತ್ತೆ ಎತ್ಕೊಂಡ.

ಆಲಿಕಲ್ಲು ಮಳೆ ನಿಂತೋಯ್ತು. ಮೌಸಿನ ಸದ್ದೇ ಇಲ್ಲ. ಗಂಟೆಯಪ್ಪನ ಉಸಿರೂ ಇಲ್ಲ.

"ಎಲ್ಲೋ ಕೇಳಿದ ಹಾಗಿದೆ ಅಲ್ವಾ?" ಅಂದ್ಲು ಅಕ್ಕ, ಸಿಹಿ ಸಿಹಿಯಾಗಿ. "ಟೀ ಜೊತೆ?"

"ಇದು... ಇದು ಅವತ್ತಿನ..." ಅಂದ ಇಲಿರಾಯ.

"ಅವತ್ತಿಂದೇ. ಮೌಸಲ್ಲಿ ಎಳೆದು ದೂರಕ್ಕೆ ಹಾಕಿ ಚಾಲೂ ಮಾಡಿದ್ದಾರೆ ಯಾರೋ ಪುಣ್ಯಾತ್ಮರು. ಈ ಸ್ಟುಡಿಯೋದಲ್ಲಿ ಮೌಸ್ ಬಿಟ್ಟಿರಲಾರದೋರು ಯಾರಪ್ಪಾ?"

"ಅಕ್ಕಾ! ಮೌಸ್ ಹಿಡಿಯೋಕೆ ಯಜಮಾನ್ರಿಗೂ ಬರುತ್ತೆ!"

"ಏಯ್! ನನ್ನ ಯಾಕೋ ಎಳೀತೀಯ?"

"ಮತ್ತೆ ಟೀಗೆ ಕೊನೇಲಿ ಬಂದಿದ್ದು ಯಾರು ಸಾರ್? ಫೋನಲ್ಲಿ ಮಾತಾಡ್ತಿದ್ದೆ ಅಂದ್ರಲ್ಲ? ಯಾವ ಫೋನು?"

"ನೀನು ಕೈ ತೊಳ್ಕೊಂಡು ಬರ್ತೀನಿ ಅಂತ ಹೋದೋನು ಎಷ್ಟೊತ್ತು ಮಾಡ್ದೆ? ಆನೆ ತೊಳೀತಿದ್ಯಾ?"

"ಈ ಯಂತ್ರ ಒರೆಸು ಅಂತ ಅವಸರ ಮಾಡಿದ್ದು ನೀವು!"

"ಹೊಸದು ತರ್ಸಿ ತರ್ಸಿ ಅಂತ ನನ್ನ ತಲೆ ತಿಂದೋನು ನೀನು!"

ಅಕ್ಕ ಕೈ ಕಟ್ಕೊಂಡು ಕೂತು ಕೇಳಿದ್ಲು. ಒಳ್ಳೇ ಸಂಗೀತ ಕೇಳಿದ ಹಾಗೆ. ಇಬ್ರ ದನೀಲೂ ಹೆದರಿಕೆ ಇತ್ತು, ಬೆವರಿತ್ತು. ಒಬ್ಬನದು ತಪ್ಪು ಮಾಡಿದೋನ ಬೆವರು, ಇನ್ನೊಬ್ಬನದು ತನ್ನ ತಲೆಗೆ ಬರುತ್ತೆ ಅನ್ನೋ ಬೆವರು. ಬೇರೆ ಮಾಡಕ್ಕಾದ್ರೆ ಸಾಕಿತ್ತು.

"ಬೇಡ ಬೇಡ, ಕಚ್ಚಾಡ್ಬೇಡಿ," ಅಂದ್ಲು. "ಯಾರು ಅಂತ ಗೊತ್ತಾದ ದಿನ ನಾನು ಪೊಲೀಸಿಗೆ ಹೇಳ್ತೀನಿ ಅಂದ್ಕೊಂಡಿದೀರಾ? ಅವರು ಜೈಲಿಗೆ ಹಾಕಿ ಹೊತ್ತು ಹೊತ್ತಿಗೆ ಊಟ ಕೊಡ್ತಾರೆ. ನಾನು ಅಷ್ಟು ಒಳ್ಳೇಳಲ್ಲ. ಅವನು ಬದುಕಿರೋ ತನಕ ಪ್ರತಿ ಮೆಟ್ಟಿಲೂ ತಡವರಿಸಿ ಇಳೀಬೇಕು, ಹಾಗೆ ಮಾಡ್ತೀನಿ."

ಆಗ ಹೊರಗೆ ಚಪ್ಪಲಿ ಬಿಡೋ ಸದ್ದಾಯ್ತು.

ತಮ್ಮನ ಹೆಂಡತಿ. ಊಟದ ಹೊತ್ತಿಗೆ ಬಂದು ಅಕ್ಕನ ತೋಳು ಹಿಡ್ಕೊಂಡು ಮನೆಗೆ ಕರ್ಕೊಂಡು ಹೋಗೋಳು. ಅಕ್ಕನ ಅಳಲಿಗೆಲ್ಲ ಅಳು ಸೇರಿಸಿದೋಳು, ಸೇಡು ತೀರಿಸ್ಕೊಳ್ಳಿ ಅತ್ತಿಗೆ ಅಂತ ಬೆನ್ನು ಸವರಿದೋಳು. ಅವಳಿಗಿಂತ ಮುಂಚೆ ಇದನ್ನ ಕೇಳೋ ಹಕ್ಕು ಇನ್ಯಾರಿಗಿದೆ?

"ಬಾ ಮಗಳೇ, ಸರಿಯಾದ ಹೊತ್ತಿಗೆ ಬಂದೆ," ಅಂತ ಅಕ್ಕ ಮತ್ತೆ ಕೀ ಒತ್ತಿದ್ಲು.

ತಮ್ಮ ಗುನುಗಿದ. ಕೆಮ್ಮು ಬಂತು.

ಬಾಗಿಲ ಹತ್ರ ಚೀಲ ಕೆಳಗೆ ಬಿತ್ತು.

"ಅಳಿಸ್ಲಿಲ್ವಾ ಇದನ್ನ?"

ಅಷ್ಟೇ. ಮೆಲ್ಲಗೆ, ಬಾಯಿ ತಪ್ಪಿ ಬಂದ ಮಾತು. ಅದು ಅಕ್ಕನಿಗೆ ಕೇಳಿದ್ದಲ್ಲ. ಅಕ್ಕನ ಬೆನ್ನ ಹಿಂದೆ ನಿಂತಿದ್ದ ಇಬ್ರು ಗಂಡಸ್ರಲ್ಲಿ ಯಾರಿಗೋ ಕೇಳಿದ್ದು.

ಅಕ್ಕನಿಗೆ ಕುರ್ಚಿ ಕೆಳಗಿನ ನೆಲಾನೇ ಕದಲಿದ ಹಾಗಾಯ್ತು. ತುಟಿ ಮೇಲಿನ ನಗು ಮಾತ್ರ ಹಾಗೇ ಇತ್ತು, ತೆಗೆಯೋದು ಮರ್ತಿದ್ದಕ್ಕೆ.

ಸದ್ದು ನುಂಗೋ ದಪ್ಪ ಜಮಖಾನದ ಮೇಲೆ ಯಾರೋ ನಡೆದ್ರು, ಯಾರು ಅಂತ ಹೆಜ್ಜೇಲಿ ಗುರುತು ಸಿಗ್ಲಿಲ್ಲ. ಬಾಗಿಲು ಹಾಕ್ಕೊಳ್ತು. ಚಿಲಕ ಬಿತ್ತು.

"ಚಿಲಕ ಹಾಕಿದ್ದು ಯಾರು?" ಅಂದ್ಲು ಅಕ್ಕ.

ಅವಳ ಮುಂದೆ ಮೈಕ್ ಇತ್ತು. ಇನ್ನು ಈ ಕೋಣೇಲಿ ಆಡೋ ಒಂದೊಂದು ಮಾತೂ ಯಂತ್ರದೊಳಗೆ ಹೋಗ್ಲಿ ಅಂತ ಬೆರಳು ಮೆಲ್ಲಗೆ ಸರಿಸಿದ್ಲು. ರೆಕಾರ್ಡ್ ಕೀ ಎಲ್ಲಿದೆ ಅಂತ ಆ ಬೆರಳಿಗೆ ನಿದ್ದೇಲೂ ಗೊತ್ತು. ಸದ್ದಿಲ್ಲದೆ ಒತ್ತಿದ್ಲು.

"ರೆಕಾರ್ಡಿಂಗ್ ಶುರುವಾಗಿದೆ!" ಅಂತ ಚಿಕ್ಕಮ್ಮ ಇಡೀ ಕೋಣೆಗೆ ಸಾರಿದಳು.

ಹೆಡ್‌ಫೋನಿನ ಪಿನ್ನು ಇನ್ನೂ ಹೊರಗೇ ಇತ್ತು. ಇಂಥ ತಪ್ಪು ಮಾಡಿದ್ರೆ ತಮ್ಮ ಒಂದು ವರ್ಷ ಆಡ್ಕೊಂಡು ನಗ್ತಿದ್ದ.

ಒಂದು ಕೈ ಹಾರಿ ಬಂದು ಅಕ್ಕನ ಕೈ ಮೇಲೆ ಬಿತ್ತು. ಬೆವೆತ ಕೈ, ಗಂಡಸಿನ ಕೈ. ಅವಳ ಬೆರಳನ್ನ ಕೀಲಿಮಣೆಯಿಂದ ಕೀಳೋಕೆ ನೋಡ್ತು. ಅಕ್ಕ ಬಿಡ್ತಾಳಾ? ಇನ್ನೊಂದು ಕೈಯಿಂದ ಆ ಮಣಿಕಟ್ಟು ಹಿಡಿದು, ಇಡೀ ಮೈ ಭಾರ ಹಾಕಿ ಮೇಜಿಗೆ ಅಮುಕಿದ್ಲು. ಮೂಳೆ ಲಟಕ್ ಅಂದ್ರೂ ಬಿಡೋಳಲ್ಲ. ಊಟ ನಿದ್ದೆ ಬಿಟ್ಟು ಕಾದಿದ್ದೇ ಈ ಕೈಗೆ.

"ಹೆಸರು ಹೇಳು," ಅಂದ್ಲು ಹಲ್ಲು ಕಚ್ಚಿ. "ಮೈಕಿಗೆ ಕೇಳೋ ಹಾಗೆ ಹೇಳು. ನನ್ನ ತಮ್ಮನ್ನ ತಳ್ಳಿದ್ದು ನಾನು ಅಂತ ಹೇಳು."

ಕೈ ಬಿಡಿಸ್ಕೊಳ್ಳೋಕೆ ಜಗ್ಗಾಡ್ತು.

ಬಾಯಿ ಬಿಟ್ಟಿದ್ದು ತಮ್ಮನ ಹೆಂಡತಿ. ಈ ಸಲ ಅವಳ ದನೀಲಿ ಅಳು ಇರ್ಲಿಲ್ಲ, ಭುಜ ಒದ್ದೆ ಮಾಡಿದ ಆ ಹೆಂಗಸಿನ ದನಿಯೇ ಅಲ್ಲ ಅದು. ಅಕ್ಕ ಅದನ್ನ ಯಾವತ್ತೂ ಕೇಳಿರ್ಲಿಲ್ಲ.

"ಯಜಮಾನ್ರ ಕೈ ಬಿಡಿ ಅತ್ತಿಗೆ. ಅವರು ಮಾಡಿದ್ದು ಮೌಸ್ ಎಳೆದಿದ್ದಷ್ಟೇ. ತಳ್ಳಿದ್ದು ನಾನು."